ಕಂಡೆನೆಂಬ ಮಾತಿಗೆ ಏನು ಪ್ರಮಾಣ?

‘ದೇವರು ಇಲ್ಲೇ ಇದ್ದ, ನನಗದು ಗೊತ್ತಾಯಿತು’ ಎಂದು ಯಾರಾದರೂ ಹೇಳಿದರೆ ಕೇಳಿದವರಲ್ಲಿ ಕೆಲವರು ಕೈಮುಗಿಯುತ್ತಾರೆ, ಕೆಲವರು ಮನಸ್ಸಿನ ಭ್ರಮೆ ಎಂದು ಪಕ್ಕಕ್ಕೆ ಸರಿಸುತ್ತಾರೆ. ಇಬ್ಬರೂ ಆ ಮಾತನ್ನು ಪರೀಕ್ಷಿಸುವ ಗೋಜಿಗೆ ಹೋಗುವುದಿಲ್ಲ. ಈ ಪ್ರಶ್ನೆ ಈಗ ಮಠ, ಚರ್ಚು, ದರ್ಗಾಗಳ ಅಂಗಳ ದಾಟಿ ಪ್ರಯೋಗಾಲಯಕ್ಕೂ ಬಂದಿದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಜಾತಿಯ ಅಣಬೆಗಳಲ್ಲಿರುವ ಸೈಲೊಸೈಬಿನ್ ಎಂಬ ರಾಸಾಯನಿಕವನ್ನು 36 ಮಂದಿಗೆ ಕೊಟ್ಟಾಗ, ಪ್ರಶ್ನಾವಳಿಯ ಅಳತೆಯಂತೆ 22 ಮಂದಿಗೆ ಪೂರ್ಣ ಪ್ರಮಾಣದ ಅನುಭಾವ ಆಗಿತ್ತು. 70 ಕಿಲೊ ತೂಕಕ್ಕೆ 30 ಮಿಲಿಗ್ರಾಂ ಲೆಕ್ಕದ ಒಂದು ಪ್ರಮಾಣ ಸಾಕಾಯಿತು. ಹಾಗಾದರೆ ಸಂತರ ದರ್ಶನವೂ ಮಿದುಳಿನ ರಸಾಯನವಷ್ಟೇ ಎಂದು ಒಂದು ಗುಂಪು ಹೇಳಿತು. ಪರಮಸತ್ಯಕ್ಕೆ ಹೊಸ ಬಾಗಿಲು ಸಿಕ್ಕಿತು ಎಂದು ಇನ್ನೊಂದು ಗುಂಪು ಹೇಳಿತು. ಎರಡೂ ಅವಸರದ ಮಾತು. ಅವಸರ ಎಲ್ಲಿದೆ ಎಂದು ತೋರಿಸಲು ಬೇಕಾದ ಸಲಕರಣೆಯನ್ನು ಬಲು ಎಚ್ಚರದಿಂದ ಕಟ್ಟಿಕೊಟ್ಟವನು ಅಮೆರಿಕದ ತತ್ತ್ವಜ್ಞ ವಿಲಿಯಂ ಆಲ್‌ಸ್ಟನ್.

ಆಲ್‌ಸ್ಟನ್ ಹುಟ್ಟಿದ್ದು 1921ರಲ್ಲಿ, ಲೂಸಿಯಾನಾದ ಶ್ರೀವ್‌ಪೋರ್ಟಿನಲ್ಲಿ. ಮೊದಲು ಓದಿದ್ದು ಸಂಗೀತ. ಆಮೇಲೆ ಷಿಕಾಗೊದಲ್ಲಿ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಮಿಷಿಗನ್, ರಟ್‌ಗರ್ಸ್, ಇಲಿನಾಯ್, ಸಿರಾಕ್ಯೂಸ್ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿ, 2009ರಲ್ಲಿ ತೀರಿಕೊಂಡ. ಭಾಷೆಯ ತತ್ತ್ವಶಾಸ್ತ್ರ, ಜ್ಞಾನಮೀಮಾಂಸೆ ಎರಡರಲ್ಲೂ ಅವನದು ದೊಡ್ಡ ಹೆಸರು. 1978ರಲ್ಲಿ ಕ್ರೈಸ್ತ ತತ್ತ್ವಜ್ಞರ ಸಂಘ ಕಟ್ಟಿದವರಲ್ಲಿ ಒಬ್ಬ, ಅದರ ಮೊದಲ ಅಧ್ಯಕ್ಷ. ಧಾರ್ಮಿಕ ಅನುಭವದ ಬಗ್ಗೆ ಅವನ ಮುಖ್ಯ ಕೃತಿ ‘ಪರ್ಸೀವಿಂಗ್ ಗಾಡ್’ 1991ರಲ್ಲಿ ಬಂತು. ದೇವರಿದ್ದಾನೆ ಎಂದು ಸಾಧಿಸುವ ಪುಸ್ತಕ ಎಂದು ಭಾವಿಸಿ ಅದನ್ನು ತೆರೆದವರಿಗೆ ನಿರಾಸೆಯಾಗುತ್ತದೆ. ಅದು ಕೇಳುವ ಪ್ರಶ್ನೆ ಬೇರೆ: ದೇವರ ಇರವನ್ನು ತಾನು ನೇರವಾಗಿ ಅರಿತೆ ಎನ್ನುವವನು, ಆ ಅರಿವನ್ನೇ ಆಧಾರವಾಗಿಟ್ಟುಕೊಂಡು ನಂಬಿದರೆ, ವಿವೇಕಿಯಾಗಿ ಉಳಿಯಬಲ್ಲನೇ?

ಆಲ್‌ಸ್ಟನ್ ಮೊದಲು ವಿಷಯವನ್ನು ಕಿರಿದು ಮಾಡುತ್ತಾನೆ. ಧಾರ್ಮಿಕ ಅನುಭವ ಎಂಬ ಚೀಲದಲ್ಲಿ ನಾವು ಏನೇನನ್ನೋ ತುಂಬುತ್ತೇವೆ: ಭಜನೆಯಲ್ಲಿ ಕಣ್ಣು ತುಂಬುವುದು, ಬೆಟ್ಟದ ತುದಿಯಲ್ಲಿ ನಿಂತು ಇದೆಲ್ಲ ಯಾರದೋ ಸೃಷ್ಟಿ ಅನ್ನಿಸುವುದು, ಕಾಯಿಲೆ ವಾಸಿಯಾದಾಗ ದೇವರೇ ಕಾಪಾಡಿದ ಎಂದುಕೊಳ್ಳುವುದು. ಮೊದಲನೆಯದು ಭಾವ, ಉಳಿದೆರಡು ಊಹೆ ಅಥವಾ ವ್ಯಾಖ್ಯಾನ. ಅವನಿಗೆ ಬೇಕಾದದ್ದು ಇವು ಯಾವುವೂ ಅಲ್ಲ. ಮೇಜಿನ ಬಗ್ಗೆ ಯೋಚಿಸುವುದಕ್ಕೂ ಮೇಜು ಎದುರಿಗೆ ಕಾಣುವುದಕ್ಕೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ಎರಡನೆಯದರಲ್ಲಿ ವಸ್ತು ತಾನಾಗಿ ಅರಿವಿನ ಮುಂದೆ ನಿಲ್ಲುತ್ತದೆ, ಹೀಗಿದ್ದೇನೆ ಎಂದು ತೋರಿಕೊಳ್ಳುತ್ತದೆ. ಈ ‘ತೋರಿಕೊಳ್ಳುವಿಕೆ’ಯೇ ಪ್ರತ್ಯಕ್ಷದ ತಿರುಳು ಎಂಬುದು ಆಲ್‌ಸ್ಟನ್ನನ ಮತ. ಅದಕ್ಕೆ ಬಣ್ಣ, ಸದ್ದು, ವಾಸನೆ ಇರಲೇಬೇಕೆಂದಿಲ್ಲ. ಹದಿನಾರನೆಯ ಶತಮಾನದ ಸ್ಪೇನಿನ ಸನ್ಯಾಸಿನಿ ಅವಿಲಾದ ತೆರೇಸಾಳಂಥವರು, ಕಣ್ಣಿಗೆ ಏನೂ ಕಾಣದಿದ್ದರೂ ಒಬ್ಬರ ಸನ್ನಿಧಿ ಪಕ್ಕದಲ್ಲಿತ್ತು ಎಂದು ಬರೆದಾಗ ಅವರು ಊಹಿಸುತ್ತಿಲ್ಲ, ಎದುರಿಗಿದ್ದದ್ದನ್ನು ವರದಿ ಮಾಡುತ್ತಿದ್ದಾರೆ. ವರದಿ ನಿಜವೋ ಸುಳ್ಳೋ ಆಮೇಲಿನ ಮಾತು. ಅದರ ರೂಪ ಮಾತ್ರ ಪ್ರತ್ಯಕ್ಷದ ರೂಪ.

ಇಂಥ ಅರಿವಿನಿಂದ ಎಂಥ ನಂಬಿಕೆ ಹುಟ್ಟಬಹುದು ಎಂಬುದಕ್ಕೂ ಅವನು ಬೇಲಿ ಹಾಕುತ್ತಾನೆ. ದೇವರು ಈಗ ನನಗೆ ಬಲ ಕೊಡುತ್ತಿದ್ದಾನೆ, ಕ್ಷಮಿಸುತ್ತಿದ್ದಾನೆ, ಸಂತೈಸುತ್ತಿದ್ದಾನೆ ಎಂಬ ಸಣ್ಣ, ಈ ಹೊತ್ತಿನ ನಂಬಿಕೆಗಳಷ್ಟೇ ಇಲ್ಲಿಂದ ಬರುತ್ತವೆ. ಇಡೀ ಮತಶಾಸ್ತ್ರವನ್ನು ಒಂದು ಅನುಭವದಿಂದ ಹಿಂಡಿ ತೆಗೆಯಲಾಗದು. ಒಬ್ಬನೇ ದೇವರು ಮೂರು ವ್ಯಕ್ತಿಗಳಾಗಿದ್ದಾನೆ ಎಂಬುದಾಗಲಿ, ಜಗತ್ತನ್ನು ಶೂನ್ಯದಿಂದ ಸೃಷ್ಟಿಸಿದ ಎಂಬುದಾಗಲಿ ಯಾರಿಗೂ ಪ್ರಾರ್ಥನೆಯ ಹೊತ್ತಿನಲ್ಲಿ ಎದುರಿಗೆ ತೋರುವ ಸಂಗತಿಯಲ್ಲ. ಈ ಬೇಲಿಯನ್ನು ಓದುಗರು ಮರೆಯುವುದೇ ಹೆಚ್ಚು. ಮರೆತಾಗ ವಾದ ಹೊರಲಾರದಷ್ಟು ಭಾರವನ್ನು ಅದರ ತಲೆಯ ಮೇಲೆ ಹೇರುತ್ತಾರೆ, ಅದು ಕುಸಿಯಿತೆಂದು ದೂರುತ್ತಾರೆ.

ಮುಂದಿನ ಹೆಜ್ಜೆಯೇ ವಾದದ ಬೆನ್ನೆಲುಬು. ಕಣ್ಣು, ಕಿವಿ, ಮೂಗು, ಚರ್ಮಗಳನ್ನು ನಂಬಬಹುದು ಎಂದು ನಮಗೆ ಹೇಗೆ ಗೊತ್ತು? ನಂಬಿ ನಡೆದಾಗ ಕೆಲಸ ಕೈಗೂಡುತ್ತದೆ ಎನ್ನುತ್ತೇವೆ. ಗ್ರಹಣದ ಹೊತ್ತನ್ನು ಲೆಕ್ಕ ಹಾಕಿ ಹೇಳಿದರೆ ಅದೇ ಹೊತ್ತಿಗೆ ಗ್ರಹಣ ಹಿಡಿಯುತ್ತದೆ. ಸರಿ, ಹಿಡಿಯಿತೆಂದು ಗೊತ್ತಾದದ್ದು ಹೇಗೆ? ಕಣ್ಣಿನಿಂದ ನೋಡಿ. ಅಂದರೆ ಕಣ್ಣಿಗೆ ಕಣ್ಣೇ ಸಾಕ್ಷಿ ಹೇಳಿತು. ಫ್ರಾನ್ಸಿನ ತತ್ತ್ವಜ್ಞ ಡೆಕಾರ್ಟ್ ದೇವರು ನಮ್ಮನ್ನು ಮೋಸಗೊಳಿಸಲಾರ ಎಂಬ ಭರವಸೆಯನ್ನು ತಂದ, ಜರ್ಮನಿಯ ಕಾಂಟನ ಹಾದಿಯವರು ಅನುಭವದ ಸಾಧ್ಯತೆಗೇ ಇಂಥ ಷರತ್ತುಗಳು ಬೇಕೆಂದರು, ಹೊರಜಗತ್ತು ಇದೆ ಎಂಬುದೇ ನಮ್ಮ ಅನುಭವಕ್ಕೆ ಒಳ್ಳೆಯ ವಿವರಣೆ ಎಂದು ಇನ್ನು ಕೆಲವರು. ಆಲ್‌ಸ್ಟನ್ ಇವನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು, ಪ್ರತಿಯೊಂದೂ ಗುರಿ ತಲುಪದೆ ನಿಲ್ಲುತ್ತದೆ, ಇಲ್ಲವೇ ಯಾವುದನ್ನು ಸಾಧಿಸಬೇಕೋ ಅದನ್ನೇ ಒಳಗೊಳಗೆ ಆಧರಿಸುತ್ತದೆ ಎಂದು ತೋರಿಸುತ್ತಾನೆ. ನಮ್ಮ ತರ್ಕಶಾಸ್ತ್ರ ಇದನ್ನು ಆತ್ಮಾಶ್ರಯ ದೋಷ ಎನ್ನುತ್ತದೆ. ನೆನಪು, ಅನುಮಾನ (ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು), ಒಳಗಣ್ಣಿನಿಂದ ನಮ್ಮದೇ ಮನಸ್ಸನ್ನು ಅರಿಯುವುದು, ಇವುಗಳ ಗತಿಯೂ ಅದೇ. ನೆನಪು ನಂಬಿಕೆಗೆ ಅರ್ಹವೆಂದು ತೋರಿಸಲು ಹಿಂದೆ ಅದು ಸರಿಯಿದ್ದ ಸಂದರ್ಭಗಳನ್ನು ನೆನಪಿಸಿಕೊಳ್ಳಲೇಬೇಕು.

ಈ ದೋಷ ಹಾಗೇ ಬಿಟ್ಟರೆ ಅಪಾಯಕಾರಿ ಎಂಬುದು ಆಲ್‌ಸ್ಟನ್ನನಿಗೆ ಗೊತ್ತು. ಸ್ಫಟಿಕದ ಗೋಳ ನೋಡಿ ಭವಿಷ್ಯ ಹೇಳುವವನೂ ‘ನನ್ನ ಗೋಳ ಸರಿಯಾಗಿ ಹೇಳುತ್ತದೆ, ಬೇಕಾದರೆ ಗೋಳವನ್ನೇ ಕೇಳಿ’ ಎನ್ನಬಹುದು. ತನಗೆ ತಾನೇ ಸಾಕ್ಷಿ ಹೇಳಿಕೊಳ್ಳುವುದು ಎಲ್ಲರಿಗೂ ಸುಲಭ. ಹಾಗಾದರೆ ಕಣ್ಣನ್ನೂ ಗೋಳವನ್ನೂ ಬೇರೆ ಮಾಡುವುದು ಯಾವುದು? ಸ್ಕಾಟ್ಲೆಂಡಿನ ತತ್ತ್ವಜ್ಞ ಥಾಮಸ್ ರೀಡ್ ಹದಿನೆಂಟನೆಯ ಶತಮಾನದಲ್ಲಿ ಕೊಟ್ಟ ಸುಳಿವನ್ನು ಆಲ್‌ಸ್ಟನ್ ಬೆಳೆಸುತ್ತಾನೆ. ನಾವು ನಂಬಿಕೆಗಳನ್ನು ಒಂದೊಂದಾಗಿ, ಒಬ್ಬೊಬ್ಬರಾಗಿ ಕಟ್ಟಿಕೊಳ್ಳುವುದಿಲ್ಲ. ಸಮಾಜ ಕಲಿಸಿಕೊಟ್ಟ ರೂಢಿಗಳ ಒಳಗೆ ಅವು ಹುಟ್ಟುತ್ತವೆ. ಏನನ್ನು ಕಂಡರೆ ಏನನ್ನು ನಂಬಬೇಕು, ಯಾವಾಗ ನಂಬಿದ್ದನ್ನು ಹಿಂತೆಗೆಯಬೇಕು ಎಂಬ ಎರಡೂ ಆ ರೂಢಿಯಲ್ಲೇ ಇವೆ. ಕೋಲು ನೀರಲ್ಲಿ ಬಾಗಿದಂತೆ ಕಂಡರೂ ಬಾಗಿಲ್ಲ ಎಂದು ಮಗು ಕಲಿಯುವುದು ನೋಡುವುದನ್ನು ಕಲಿಯುವುದರ ಜೊತೆಯಲ್ಲೇ.

ಇಂಥ ರೂಢಿಯೊಂದನ್ನು ಹಿಡಿದು ನಡೆಯುವುದು ವಿವೇಕವೇ ಎಂದು ನಿರ್ಧರಿಸಲು ಅವನು ಇಡುವ ಷರತ್ತುಗಳು ಬಿಗಿಯಾಗಿವೆ. ರೂಢಿ ಸಮಾಜದಲ್ಲಿ ತಲೆಮಾರುಗಳಿಂದ ಬೇರು ಬಿಟ್ಟಿರಬೇಕು. ನಿನ್ನೆ ಒಬ್ಬನ ತಲೆಯಲ್ಲಿ ಹುಟ್ಟಿದ್ದಾದರೆ ಸಾಲದು. ಅದು ಕೊಡುವ ನಂಬಿಕೆಗಳು ದೊಡ್ಡ ಪ್ರಮಾಣದಲ್ಲಿ ಒಂದನ್ನೊಂದು ಕಚ್ಚಾಡಬಾರದು. ಇನ್ನೂ ಗಟ್ಟಿಯಾಗಿ ನೆಲೆಗೊಂಡ ಬೇರೆ ರೂಢಿಗಳ ಫಲಿತಗಳೊಡನೆಯೂ ದೊಡ್ಡ ಪ್ರಮಾಣದಲ್ಲಿ ಘರ್ಷಿಸಬಾರದು. ತಪ್ಪನ್ನು ಹಿಡಿದು ತೆಗೆಯುವ ಬಾಧಕಗಳ ಏರ್ಪಾಡು ಅದರೊಳಗೇ ಇರಬೇಕು. ಇದರ ಮೇಲೆ, ತನ್ನದೇ ಮಾನದಂಡದಲ್ಲಿ ಅದು ಫಲ ಕೊಡುತ್ತಿದ್ದರೆ ಬಲ ಇನ್ನಷ್ಟು. ಇಂದ್ರಿಯಗಳ ವಿಷಯದಲ್ಲಿ ಆ ಫಲ ಎಂದರೆ ಮುಂದಾಗುವುದನ್ನು ಹೇಳಬಲ್ಲ ಶಕ್ತಿ. ಕ್ರೈಸ್ತ ಸಾಧನೆಯಲ್ಲಿ ಅದು ವ್ಯಕ್ತಿಯ ಬಾಳು ಶುದ್ಧವಾಗುತ್ತ ಬರುವುದು. ಈ ಷರತ್ತುಗಳನ್ನು ಪೂರೈಸಿದ ರೂಢಿಗೆ ‘ಮೊದಲು ನಿನ್ನನ್ನು ನೀನು ಸಾಬೀತು ಮಾಡು’ ಎಂದು ಒತ್ತಾಯಿಸುವ ಹಕ್ಕು ನಮಗಿಲ್ಲ. ಕಣ್ಣಿಗೆ ಕೇಳದ ಸಾಬೀತನ್ನು ಅನುಭಾವಕ್ಕೆ ಮಾತ್ರ ಕೇಳುವುದು ಎರಡು ತಕ್ಕಡಿಯ ವ್ಯಾಪಾರ ಎಂಬುದು ಅವನ ಆಕ್ಷೇಪ. ಆ ಆಕ್ಷೇಪ ನನ್ನ ದೃಷ್ಟಿಯಲ್ಲಿ ಇಂದಿಗೂ ಅಲುಗಿಲ್ಲ.

ಇಲ್ಲಿ ಒಂದು ಅಡ್ಡಮಾತು. ಇದೇ ಕಾಲದಲ್ಲಿ ಇದೇ ಪ್ರಶ್ನೆಯನ್ನು ಹಿಡಿದ ಇನ್ನಿಬ್ಬರೊಡನೆ ಆಲ್‌ಸ್ಟನ್ನನನ್ನು ಬೆರೆಸಿ ಓದುವುದುಂಟು. ಆಕ್ಸ್‌ಫರ್ಡಿನ ರಿಚರ್ಡ್ ಸ್ವಿನ್‌ಬರ್ನ್ 1979ರ ‘ದಿ ಎಕ್ಸಿಸ್ಟೆನ್ಸ್ ಆಫ್ ಗಾಡ್’ ಕೃತಿಯಲ್ಲಿ, ಹೇಗೆ ತೋರುತ್ತದೋ ಹಾಗೆಯೇ ಇದೆ ಎಂದು ವಿರುದ್ಧ ಕಾರಣ ಸಿಗುವ ತನಕ ನಂಬಬಹುದು ಎಂಬ ಸೂತ್ರ ಹಾಕಿ, ಅನುಭವವನ್ನು ದೇವರ ಇರವಿನ ಸಂಭಾವ್ಯತೆ ಏರಿಸುವ ಒಂದು ಪುರಾವೆಯಾಗಿ ಬಳಸಿದ. ಅಮೆರಿಕದ ತತ್ತ್ವಜ್ಞ ಆಲ್ವಿನ್ ಪ್ಲಾಂಟಿಂಗ ದೇವರಲ್ಲಿ ನಂಬಿಕೆಗೆ ಬೇರೆ ಆಧಾರವೇ ಬೇಡ, ಅದು ತಳಪಾಯದ ನಂಬಿಕೆ ಎಂದ. ಆಲ್‌ಸ್ಟನ್ನನ ದಾರಿ ಇವೆರಡರಿಂದಲೂ ಬೇರೆ. ಅವನ ಭಾರವೆಲ್ಲ ರೂಢಿಯ ಮೇಲೆ, ಅದರೊಳಗಿನ ತಿದ್ದುಪಡಿಯ ಮೇಲೆ. ಅನುಭವದಿಂದ ಸಿಗುವುದು ಮೊದಲ ನೋಟದ ಸಮರ್ಥನೆ ಮಾತ್ರ. ಬಾಧಕ ಬಂದರೆ ಅದು ಬಿದ್ದುಹೋಗುತ್ತದೆ.

ಆ ಬಾಧಕಗಳು ಕಾಗದದ ಮೇಲಿನ ಮಾತಲ್ಲ ಎನ್ನಲು ತೆರೇಸಾಳ ಬರಹವನ್ನು ನೋಡಬೇಕು. 1577ರ ‘ಇಂಟೀರಿಯರ್ ಕ್ಯಾಸಲ್’ನಲ್ಲಿ ಅವಳು ಒಳಗೆ ಕೇಳಿಬಂದ ಮಾತು ದೇವರದೋ ಅಲ್ಲವೋ ಎಂದು ತಿಳಿಯಲು ಗುರುತುಗಳನ್ನು ಕೊಡುತ್ತಾಳೆ. ಆ ಮಾತಿಗೆ ಹೇಳಿದ್ದನ್ನು ಆಗಿಸುವ ಬಲ ಇರಬೇಕು, ಅದು ಹಿಂದೆ ಶಾಂತಿಯನ್ನು ಬಿಟ್ಟುಹೋಗಬೇಕು, ಬೇಗ ನೆನಪಿನಿಂದ ಅಳಿಯಬಾರದು. ಧರ್ಮಗ್ರಂಥಕ್ಕೆ ವಿರುದ್ಧವಾದದ್ದನ್ನು ಒಪ್ಪಲೇಬಾರದು. ಕಲಿತ ಗುರುವಿನ ಮುಂದೆ ಇಟ್ಟು ಕೇಳಬೇಕು. ವಿಷಣ್ಣತೆಯ ಕಾಯಿಲೆಯಿರುವವರ, ಕಲ್ಪನೆ ದುರ್ಬಲವಾದವರ ಇಂಥ ಮಾತಿಗೆ ಕಿವಿಗೊಡಬೇಡಿ, ಆದರೆ ಅವರನ್ನು ಹೆದರಿಸಲೂ ಬೇಡಿ ಎನ್ನುತ್ತಾಳೆ. ಎಂಟು ಗಂಟೆ ಮೈಮರೆತು ಬಿದ್ದಿರುತ್ತಿದ್ದ ಒಬ್ಬಳ ಪ್ರಸಂಗವನ್ನೂ ಹೇಳುತ್ತಾಳೆ: ನಿದ್ದೆ, ಊಟ ಸರಿಮಾಡಿ ಕಠಿಣ ತಪಸ್ಸು ಕಡಿಮೆ ಮಾಡಿಸಿದ ಮೇಲೆ ಅದು ನಿಂತುಹೋಯಿತಂತೆ. ಕಡಿಮೆ ತಿಂದು ಸ್ವರ್ಗ ಕಾಣುವವನಿಗೂ ಹೆಚ್ಚು ಕುಡಿದು ಹಾವು ಕಾಣುವವನಿಗೂ ವಿಜ್ಞಾನ ಭೇದ ಮಾಡಲಾಗದು ಎಂಬ ಅರ್ಥದಲ್ಲಿ ಬ್ರಿಟಿಷ್ ತತ್ತ್ವಜ್ಞ ಬರ್ಟ್ರಂಡ್ ರಸೆಲ್ 1935ರಲ್ಲಿ ಬರೆದ. ಉಪವಾಸದ ಆ ಸಂಶಯವನ್ನು ತೆರೇಸಾ 358 ವರ್ಷ ಮೊದಲೇ ತನ್ನ ಮಠದೊಳಗೆ ಕಾರ್ಯರೂಪಕ್ಕೆ ಇಳಿಸಿದ್ದಳು.

ಕನ್ನಡದ ಓದುಗರಿಗೆ ಇದು ಅಪರಿಚಿತ ಚಿತ್ರವಲ್ಲ. ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಉಡುಗೆ ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದು ಏಕೆ ಎಂದು ಸಭೆಯ ಎದುರು ಕೇಳುತ್ತಾನೆ, ಉತ್ತರದ ಮೇಲೆ ಮತ್ತೆ ಪ್ರಶ್ನೆ ಹಾಕುತ್ತಾನೆ. ಇದು ಬಸವಕಲ್ಯಾಣದ ಕಾಲಕ್ಕೆ ಶತಮಾನಗಳ ನಂತರ ಕಟ್ಟಿದ ಸಂವಾದ, ವರದಿಯಲ್ಲ. ಆದರೆ ಒಂದು ಪರಂಪರೆ ತನ್ನ ಅನುಭಾವಿಗಳನ್ನು ಹೇಗೆ ಒರೆಗೆ ಹಚ್ಚಬೇಕೆಂದು ಬಯಸಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಅನುಭವಕ್ಕೂ ಅನುಭಾವಕ್ಕೂ ಒಂದು ದೀರ್ಘದ ಅಂತರ ಇಟ್ಟ ಭಾಷೆಯಲ್ಲಿ ಆಲ್‌ಸ್ಟನ್ನನನ್ನು ಓದುವುದು ಇಂಗ್ಲಿಷಿಗಿಂತ ಸಲೀಸು.

ಈಗ ತೊಡಕಿನ ಭಾಗಕ್ಕೆ ಬರೋಣ. ಮಿದುಳಿನಲ್ಲಿ ಕಾರಣ ಸಿಕ್ಕಿತು, ಆದ್ದರಿಂದ ಅನುಭವ ಸುಳ್ಳು ಎಂಬ ವಾದ ನಿಲ್ಲುವುದಿಲ್ಲ. ಮೇಜನ್ನು ನೋಡುವಾಗಲೂ ಕೊನೆಯ ಕಾರಣ ಮಿದುಳಿನ ಹಿಂಭಾಗದ ದೃಷ್ಟಿಕೇಂದ್ರದಲ್ಲೇ ಇದೆ. ಮೇಜು ಆ ಕಾರಣಗಳ ಸರಪಳಿಯಲ್ಲಿ ಹಿಂದೆ ಎಲ್ಲೋ ಇದ್ದರೆ ಸಾಕು. ದೇವರೂ ಹಾಗೆ ಸರಪಳಿಯ ಹಿಂದಿನ ಕೊಂಡಿಯಾಗಿರಬಹುದು ಎಂದು ಆಲ್‌ಸ್ಟನ್ ಹೇಳಿದಾಗ ಅವನು ದೇವರಿದ್ದಾನೆಂದು ಸಾಧಿಸುತ್ತಿಲ್ಲ. ಮಿದುಳಿನ ಚಿತ್ರ ಅದನ್ನು ಅಲ್ಲಗಳೆಯಲಾರದು ಎಂದಷ್ಟೇ ಅವನ ಮಾತು. ಎಲ್ಲರಿಗೂ ಆಗದ ಅನುಭವ ನಂಬಲು ಯೋಗ್ಯವಲ್ಲ ಎಂಬ ಆಕ್ಷೇಪವೂ ತೆಳು. ಉನ್ನತ ಗಣಿತವೂ ಎಲ್ಲರಿಗೆ ದಕ್ಕುವುದಿಲ್ಲ.

ಆದರೆ ಇನ್ನೊಂದು ಆಕ್ಷೇಪವನ್ನು ಇಷ್ಟು ಸುಲಭವಾಗಿ ತಳ್ಳಲಾಗದು. ರಿಚರ್ಡ್ ಗೇಲ್, ಇವಾನ್ ಫೇಲ್ಸ್ ಮುಂತಾದ ವಿಮರ್ಶಕರು ಒತ್ತಿದ್ದು ಇದನ್ನೇ. ನಾನು ಅಂಗಳದಲ್ಲಿ ಹಾವು ಕಂಡೆ ಎಂದರೆ, ಬೆಳಕು ಇಷ್ಟಿದ್ದು ಕಣ್ಣು ನೆಟ್ಟಗಿದ್ದು ಅಲ್ಲೇ ನಿಂತವರಿಗೆ ಅದು ಕಾಣಬೇಕು. ಕಾಣದಿದ್ದರೆ ನನ್ನ ಮಾತಿಗೆ ಪೆಟ್ಟು. ಹಗ್ಗವೋ ಹಾವೋ ಎಂದು ಕೋಲಿನಿಂದ ಮುಟ್ಟಿ ನೋಡಬಹುದು, ದೀಪ ತರಬಹುದು. ಈ ಅಡ್ಡಪರೀಕ್ಷೆಗಳು ಒಂದರಿಂದ ಒಂದು ಬೇರೆಯಾಗಿರುವುದರಿಂದಲೇ ಅವಕ್ಕೆ ಬೆಲೆ. ಅನುಭಾವದಲ್ಲಿ ಇಂಥ ಷರತ್ತು ಹೇಳಲಾಗದು, ಏಕೆಂದರೆ ತೋರಿಕೊಳ್ಳುವುದು ಬಿಡುವುದು ದೇವರ ಇಚ್ಛೆ. ಒಬ್ಬನಿಗೆ ಕಂಡು ಪಕ್ಕದವನಿಗೆ ಕಾಣದಿದ್ದರೂ ಯಾರ ಮಾತೂ ಬೀಳುವುದಿಲ್ಲ. ಆಲ್‌ಸ್ಟನ್ನನ ಉತ್ತರ: ವಸ್ತುವಿನ ಸ್ವಭಾವ ಬೇರೆಯಾದಾಗ ಪರೀಕ್ಷೆಯ ಬಗೆಯೂ ಬೇರೆ, ಒಂದು ರೂಢಿಯ ಅಳತೆಗೋಲನ್ನು ಇನ್ನೊಂದರ ಮೇಲೆ ಹೇರುವುದು ದಬ್ಬಾಳಿಕೆ. ಉತ್ತರದಲ್ಲಿ ಹುರುಳಿದೆ. ಆದರೂ ನನಗೆ ಇಲ್ಲಿ ವಿಮರ್ಶಕರ ಪಕ್ಷವೇ ಭಾರ ಎನಿಸುತ್ತದೆ. ತೆರೇಸಾಳ ಪರೀಕ್ಷೆಗಳಲ್ಲಿ ಶಾಂತಿ, ವಿನಯ, ನೆನಪು ಇವು ಅನುಭವಿಸಿದವರ ಮನಸ್ಸಿನೊಳಗಿನವು. ಹೊರಗಿನಿಂದ ಬರುವುದು ಧರ್ಮಗ್ರಂಥದೊಡನೆ ಹೊಂದಾಣಿಕೆ. ಆ ಗ್ರಂಥಕ್ಕೆ ಅಧಿಕಾರ ಬಂದದ್ದಾದರೂ ಹಿಂದೆ ಯಾರಿಗೋ ಆದ ದರ್ಶನದಿಂದ. ಈ ಏರ್ಪಾಡು ಮೋಸಗಾರನನ್ನು, ರೋಗಿಯನ್ನು, ದುರಾಸೆಯವನನ್ನು ಹಿಡಿಯಬಲ್ಲದು. ಇಡೀ ರೂಢಿಯೇ ದಾರಿ ತಪ್ಪಿದ್ದರೆ ಅದನ್ನು ಹಿಡಿಯುವ ಶಕ್ತಿ ಇದಕ್ಕೆ ಕಡಿಮೆ. ಇಂದ್ರಿಯಗಳ ರೂಢಿಗೂ ತನ್ನನ್ನು ಪೂರ್ತಿ ಸಾಬೀತು ಮಾಡಿಕೊಳ್ಳಲಾಗದು ನಿಜ. ಆದರೆ ಅದಕ್ಕೆ ಎಡವಲು ನೂರು ಅವಕಾಶಗಳಿವೆ, ಎಡವಿಲ್ಲ. ಎಡವಲು ಅವಕಾಶವೇ ಕಡಿಮೆಯಿರುವ ರೂಢಿ ಎಡವಿಲ್ಲ ಎನ್ನುವುದಕ್ಕೆ ಅಷ್ಟೇ ತೂಕ ಕೊಡಲಾಗದು.

ಆಲ್‌ಸ್ಟನ್ ತಾನೇ ಒಪ್ಪಿಕೊಂಡ ದೊಡ್ಡ ಕಷ್ಟ ಮಾತ್ರ ಬೇರೆ: ಮತಗಳ ವೈವಿಧ್ಯ. ಕ್ರೈಸ್ತ, ಸೂಫಿ, ಬೌದ್ಧ, ವೇದಾಂತ ಪರಂಪರೆಗಳೆಲ್ಲ ಅವನ ಷರತ್ತುಗಳನ್ನು ಹೆಚ್ಚುಕಡಿಮೆ ಪೂರೈಸುತ್ತವೆ. ಎಲ್ಲಕ್ಕೂ ಶತಮಾನಗಳ ಬೇರು, ಗುರು, ಗ್ರಂಥ, ಪರೀಕ್ಷೆ, ಪಾವನವಾದ ಬಾಳುಗಳು ಇವೆ. ಆದರೆ ಅವು ಹೇಳುವುದು ಒಂದನ್ನೇ ಅಲ್ಲ. ಒಂದರಲ್ಲಿ ಸಂತೈಸುವ ವ್ಯಕ್ತಿರೂಪಿ ದೇವರು, ಇನ್ನೊಂದರಲ್ಲಿ ಅಂಥವನೇ ಇಲ್ಲ. ರಸ್ತೆ ಕೂಡುವಲ್ಲಿ ಆದ ಅಪಘಾತವನ್ನು ಕಂಡವರು ಬೇರೆಬೇರೆ ಹೇಳಿದರೆ ಎಲ್ಲರೂ ಒಪ್ಪುವ ವಿಚಾರಣೆಯ ಕ್ರಮವಿದೆ, ಯಾರ ಸಾಕ್ಷ್ಯ ಬಲವೆಂದು ತೀರ್ಮಾನಿಸಬಹುದು. ರೂಢಿಗಳ ನಡುವಿನ ಜಗಳಕ್ಕೆ ಅಂಥ ನ್ಯಾಯಸ್ಥಾನವಿಲ್ಲ. ಆಲ್‌ಸ್ಟನ್ ಒಂದು ಕಲ್ಪನೆ ಮುಂದಿಡುತ್ತಾನೆ. ಇಂದ್ರಿಯ ಪ್ರತ್ಯಕ್ಷದಲ್ಲೇ ಹೀಗಾಗಿದ್ದರೆ? ಒಂದು ನಾಗರಿಕತೆ ನಮ್ಮಂತೆ ಬಿಡಿಬಿಡಿ ವಸ್ತುಗಳನ್ನು ಕಾಣುತ್ತದೆ, ಇನ್ನೊಂದು ಅಲ್ಲಲ್ಲಿ ದಟ್ಟ ಅಲ್ಲಲ್ಲಿ ವಿರಳವಾದ ಒಂದೇ ಹರಹನ್ನು ಕಾಣುತ್ತದೆ, ಮತ್ತೊಂದು ಒಂದರಿಂದ ಒಂದು ಹುಟ್ಟುವ ಕ್ಷಣಗಳ ಸಾಲನ್ನು ಕಾಣುತ್ತದೆ. ಮೂವರಿಗೂ ತಮ್ಮ ತಮ್ಮ ನೋಟ ಬದುಕಿಗೆ ಸಾಕಾಗುತ್ತದೆ, ಯಾರು ಸರಿ ಎನ್ನಲು ನಡುವಿನ ಅಳತೆಯಿಲ್ಲ. ಆಗ ನಾವು ನಮ್ಮ ಕಣ್ಣನ್ನು ಕಿತ್ತೆಸೆಯಬೇಕೇ? ಬೇಡ, ಇದ್ದಲ್ಲೇ ಕೂತು ಅದನ್ನೇ ಇನ್ನಷ್ಟು ಚೆನ್ನಾಗಿ ಬಳಸುವುದೇ ವಿವೇಕ ಎಂಬುದು ಅವನ ತೀರ್ಪು. ವೈವಿಧ್ಯದಿಂದಾಗಿ ಸಮರ್ಥನೆಯ ಬಲ ಕುಗ್ಗುತ್ತದೆ, ಆದರೆ ಇಲ್ಲವಾಗುವುದಿಲ್ಲ.

ಎಷ್ಟು ಕುಗ್ಗುತ್ತದೆ ಎಂಬಲ್ಲಿಯೇ ಜಗಳ. ಹೆಚ್ಚೆಂದರೆ ಒಂದು ರೂಢಿ ಮಾತ್ರ ನೆಚ್ಚಬಹುದಾದದ್ದು ಎಂದಾದರೆ, ಉಳಿದವೆಲ್ಲ ಷರತ್ತುಗಳನ್ನು ಪೂರೈಸಿಯೂ ಸುಳ್ಳನ್ನೇ ಕೊಡುತ್ತಿವೆ ಎಂದಾಯಿತು. ಷರತ್ತುಗಳನ್ನು ಪೂರೈಸುವುದು ಬಹುತೇಕ ಸಂದರ್ಭಗಳಲ್ಲಿ ದಾರಿ ತಪ್ಪಿಸುತ್ತಿದ್ದರೆ ನಮ್ಮದೊಂದು ಹೇಗೆ ಹೊರತಾಯಿತು? ಬ್ರಿಟಿಷ್ ತತ್ತ್ವಜ್ಞ ಜಾನ್ ಹಿಕ್ ಈ ಪೆಟ್ಟನ್ನು ಆಲ್‌ಸ್ಟನ್ನನಿಗೆ ನೇರವಾಗಿ ಕೊಟ್ಟ. ಹಿಕ್‌ನ ಪರಿಹಾರ, ಎಲ್ಲ ಮತಗಳೂ ಮಾತಿಗೆ ನಿಲುಕದ ಒಂದೇ ಪರಮಸತ್ಯಕ್ಕೆ ಬೇರೆಬೇರೆ ಸಂಸ್ಕೃತಿಯ ಮನುಷ್ಯರು ಕೊಟ್ಟ ಪ್ರತಿಸ್ಪಂದನ ಎಂಬುದು. ಅದು ಉದಾರವಾಗಿ ಕೇಳಿಸುತ್ತದೆ. ಆದರೆ ಅದರ ಬೆಲೆ ದೊಡ್ಡದು: ಒಬ್ಬನೇ ಒಬ್ಬ ಅನುಭಾವಿಯೂ ತಾನು ಕಂಡೆನೆಂದು ಹೇಳಿದ್ದನ್ನು ಹೇಳಿದ ಹಾಗೆ ಕಂಡಿಲ್ಲ ಎಂದಾಗುತ್ತದೆ. ಈ ವಿಷಯದಲ್ಲಿ ಆಲ್‌ಸ್ಟನ್ ಅನುಭಾವಿಗಳ ಮಾತನ್ನು ಹಿಕ್‌ಗಿಂತ ಹೆಚ್ಚು ಗೌರವದಿಂದ ಕೇಳಿಸಿಕೊಂಡವನು.

ಈ ಕಷ್ಟದ ಜೊತೆ ಬಹುಕಾಲ ಬಾಳಿದವರು ನಮ್ಮಲ್ಲಿದ್ದಾರೆ. ಘಟ್ಟದ ಮೇಲೆ ಶೃಂಗೇರಿ, ಘಟ್ಟದ ಕೆಳಗೆ ಉಡುಪಿ. ಎರಡಕ್ಕೂ ಅದೇ ಉಪನಿಷತ್ತು, ಅದೇ ಬ್ರಹ್ಮಸೂತ್ರ. ಒಂದು ಕಡೆ ಭೇದವೆಲ್ಲ ಕರಗುವ ಅರಿವೇ ಕೊನೆಯ ಪ್ರಮಾಣ, ಇನ್ನೊಂದು ಕಡೆ ಭೇದವೇ ಸತ್ಯ. ಹದಿಮೂರನೆಯ ಶತಮಾನದ ಮಧ್ವರು ಈ ಜಗಳವನ್ನು ‘ನಿಮ್ಮದು ನಿಮಗೆ, ನಮ್ಮದು ನಮಗೆ’ ಎಂದು ಬಿಡಲಿಲ್ಲ. ಬಾಧಕ ಯಾವುದು, ಅದರಿಂದ ಬಿದ್ದುಹೋಗುವ ಬಾಧ್ಯ ಯಾವುದು ಎಂದು ನಿರ್ಣಯಿಸುವ ನಿಯಮವನ್ನು ಹುಡುಕಿದರು. ನಾನು ಅಲ್ಪಜ್ಞ, ದುಃಖಿ ಎಂಬುದು ನನಗೆ ನೇರವಾಗಿ ಗೊತ್ತಿದೆ. ಜೀವ ಮತ್ತು ಬ್ರಹ್ಮ ಒಂದೇ ಎಂದು ಶ್ರುತಿ, ಅಂದರೆ ವೇದ, ಹೇಳುತ್ತದೆ ಎಂದರೂ, ಜೀವ ಎಂದರೆ ಏನೆಂದು ತಿಳಿಯಲು ಆ ಶ್ರುತಿವಾಕ್ಯ ಇದೇ ನೇರ ಅರಿವನ್ನು ಆಶ್ರಯಿಸಬೇಕು. ಯಾವುದನ್ನು ಆಶ್ರಯಿಸಿ ಬದುಕುತ್ತದೋ ಅದನ್ನೇ ಅದು ಅಳಿಸಲಾಗದು. ಇದಕ್ಕೆ ಉಪಜೀವ್ಯವಿರೋಧ ಎಂದು ಹೆಸರು. ಅದ್ವೈತಿಗಳು ಇದಕ್ಕೆ ಉತ್ತರ ಕೊಟ್ಟರು. ವ್ಯವಹಾರದ ಮಟ್ಟದ ಪ್ರತ್ಯಕ್ಷವನ್ನು ಆಶ್ರಯಿಸಿಯೂ ಪರಮಾರ್ಥದ ಮಟ್ಟದಲ್ಲಿ ಶ್ರುತಿ ಅದನ್ನು ಮೀರಬಹುದು ಎಂದರು. ವಾದ ಮುಗಿಯಲಿಲ್ಲ. ಆದರೆ ಎರಡೂ ಕಡೆಯವರಿಗೆ ಅರ್ಥವಾಗುವ ಪ್ರಮಾಣದ ಭಾಷೆಯೊಂದು ಇತ್ತು. ರೂಢಿಗಳ ನಡುವೆ ನಡುವಿನ ನೆಲವೇ ಇಲ್ಲ ಎಂಬ ಆಲ್‌ಸ್ಟನ್ನನ ಮಾತನ್ನು ಇಷ್ಟರಮಟ್ಟಿಗೆ ತಿದ್ದಬೇಕಾಗುತ್ತದೆ.

ಅವನ ಬುಡದ ಪ್ರಶ್ನೆಯೂ ಇಲ್ಲಿ ಹೊಸತಲ್ಲ. ಜ್ಞಾನದ ಪ್ರಾಮಾಣ್ಯ, ಅಂದರೆ ಅದು ಸರಿಯಾದ ತಿಳಿವು ಎಂಬುದು, ತನ್ನಿಂದಲೇ ತಿಳಿಯುತ್ತದೋ ಬೇರೊಂದರಿಂದಲೋ? ಬೇರೊಂದರಿಂದ ಎಂದರು ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು. ನೀರೆಂದು ತಿಳಿದು ಹೋಗಿ ಬಾಯಾರಿಕೆ ತೀರಿದರೆ ಆ ತಿಳಿವು ಸರಿ. ಹಾಗಾದರೆ ತೀರಿತೆಂಬ ತಿಳಿವಿಗೆ ಯಾವುದು ಆಧಾರ ಎಂದು, ತನ್ನಿಂದಲೇ ಎನ್ನುವ ಸ್ವತಃಪ್ರಾಮಾಣ್ಯವಾದಿಗಳು ಕೇಳಿದರು. ಗ್ರಹಣದ ಉದಾಹರಣೆಯಲ್ಲಿ ಕಂಡದ್ದೂ ಇದೇ ಸರಪಳಿ. ಮಧ್ವರು ಮತ್ತು ಅವರ ಟೀಕಾಕಾರ ಜಯತೀರ್ಥರು ಅದನ್ನು ನಿಲ್ಲಿಸಿದ್ದು ಸಾಕ್ಷಿಯಲ್ಲಿ. ಮನಸ್ಸು, ಇಂದ್ರಿಯ ತಪ್ಪಬಹುದು. ಸಂಶಯ ಬಂದಾಗ ಪರೀಕ್ಷೆ ನಡೆಸಬೇಕು. ಪರೀಕ್ಷೆ ಮುಗಿದ ಮೇಲೆ ಪ್ರಾಮಾಣ್ಯವನ್ನು ಅರಿಯುವುದು ಆತ್ಮಸ್ವರೂಪವೇ ಆದ ಸಾಕ್ಷಿ. ಆಲ್‌ಸ್ಟನ್ ಸಮಾಜದ ರೂಢಿಯಲ್ಲಿ ನಿಂತ, ಇವರು ಸಾಕ್ಷಿಯಲ್ಲಿ ನಿಂತರು. ಹಂಪಿಯ ಕಾಲದ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಇದೇ ನೆಲೆಯಿಂದ ಮಿಥಿಲೆಯ ಗಂಗೇಶನ ಹೊಸ ತರ್ಕಪದ್ಧತಿಯಾದ ನವ್ಯನ್ಯಾಯವನ್ನು ಎದುರಿಸಿದರು. ಸಾಧಕರಿಗೆ ವಿಶೇಷ ಪ್ರತ್ಯಕ್ಷ ಉಂಟೇ ಎಂಬುದರ ಮೇಲೂ ಜಟಾಪಟಿ ನಡೆದಿತ್ತು. ಯೋಗಿಗೆ ಯೋಗದಿಂದ ಹುಟ್ಟುವ ಅಲೌಕಿಕ ಪ್ರತ್ಯಕ್ಷವನ್ನು ನೈಯಾಯಿಕರು ಒಪ್ಪಿದರು. ಹತ್ತು ಮೊಳ ನೆಗೆಯಬಲ್ಲವನು ನೂರು ಸಲ ಅಭ್ಯಾಸ ಮಾಡಿದರೂ ಒಂದು ಯೋಜನ ನೆಗೆಯಲಾರ ಎಂಬ ಮೀಮಾಂಸಕರ ವಿರೋಧವನ್ನು ಬೌದ್ಧ ಶಾಂತರಕ್ಷಿತ ತನ್ನ ‘ತತ್ತ್ವಸಂಗ್ರಹ’ದಲ್ಲಿ ಎತ್ತಿಕೊಂಡು ಚರ್ಚಿಸುತ್ತಾನೆ. ವೇದವನ್ನು ನಂಬಿದ ಮೀಮಾಂಸಕರೇ ಅನುಭಾವಿಯ ಕಣ್ಣನ್ನು ಸಂಶಯಿಸಿದರು ಎಂಬುದು, ಧಾರ್ಮಿಕ ಅನುಭವದ ಮೇಲಿನ ಸಂಶಯವೆಲ್ಲ ನಾಸ್ತಿಕರದೇ ಎಂದು ತಿಳಿದವರು ಗಮನಿಸಬೇಕಾದ ಸಂಗತಿ.

ಇಷ್ಟನ್ನು ಕೈಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಮರಳಿದರೆ ಅಲ್ಲಿನ ಫಲಿತಗಳು ಬೇರೆಯಾಗಿ ಕಾಣುತ್ತವೆ. 1962ರ ಶುಭ ಶುಕ್ರವಾರ, ಏಪ್ರಿಲ್ 20ರಂದು ಸಂಶೋಧಕ ವಾಲ್ಟರ್ ಪಾಂಕೆ ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್ಲಿನಲ್ಲಿ 20 ಮಂದಿ ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಕೂರಿಸಿ, 10 ಮಂದಿಗೆ 30 ಮಿಲಿಗ್ರಾಂ ಸೈಲೊಸೈಬಿನ್, ಉಳಿದ 10 ಮಂದಿಗೆ ಹೋಲಿಕೆಗಾಗಿ ನಿಕೋಟಿನಿಕ್ ಆಮ್ಲ ಕೊಟ್ಟಿದ್ದ. ಮೇಲಿನ ಪ್ರಾರ್ಥನಾಮಂದಿರದಿಂದ ಆ ದಿನದ ಉಪದೇಶ ಅವರಿಗೆ ಕೇಳಿಬರುತ್ತಿತ್ತು. ಅವರು ಒಂದು ರೂಢಿಯ ಮಕ್ಕಳು. ಆದದ್ದನ್ನು ಯಾವ ಹೆಸರಿನಿಂದ ಕರೆಯಬೇಕು, ಯಾರನ್ನು ಕೇಳಬೇಕು, ಯಾವುದಕ್ಕೆ ಹೋಲಿಸಬೇಕು ಎಂಬುದು ಅವರಿಗೆ ತಿಳಿದಿತ್ತು. ಹಾಪ್‌ಕಿನ್ಸ್‌ನ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಮಲಗಲು ಸೋಫಾ, ಆಮೇಲೆ ತುಂಬಲು ಪ್ರಶ್ನಾವಳಿ. ಅನುಭವ ಎಷ್ಟು ತೀವ್ರ, ಎಷ್ಟು ಏಕತೆಯ ಭಾವ, ಎಷ್ಟು ಪಾವನ ಎಂದು ಆ ಪ್ರಶ್ನಾವಳಿ ಅಳೆಯುತ್ತದೆ. ಕಂಡದ್ದು ಇತ್ತೇ ಎಂದು ಅಳೆಯುವುದು ಅದರ ಕೆಲಸವಲ್ಲ. ಅಲ್ಲಿಗೆ ಬಂದವರೂ ಯಾವುದೋ ಧಾರ್ಮಿಕ, ಆಧ್ಯಾತ್ಮಿಕ ಚಟುವಟಿಕೆಯಲ್ಲಿ ತೊಡಗಿದ್ದವರೇ. ಆದರೆ ಆ ಸಂಜೆ ಕೋಣೆಯಿಂದ ಹೊರಬಂದವನನ್ನು ಕೂರಿಸಿಕೊಂಡು, ಅಲ್ಲಮ ಕೇಳಿದಂತೆ ಎದುರು ಪ್ರಶ್ನೆ ಹಾಕುವವರು, ನಿದ್ದೆ ಊಟ ಸರಿಯಿದೆಯೇ ಎಂದು ತೆರೇಸಾಳಂತೆ ವಿಚಾರಿಸುವವರು, ನೀನು ಕಂಡದ್ದು ನಾವು ಕಂಡದ್ದಕ್ಕೆ ಹೊಂದುವುದಿಲ್ಲ ಎಂದು ಮುಖಕ್ಕೆ ಹೇಳುವ ಅಧಿಕಾರವುಳ್ಳವರು ಯಾರು? ಸಂಶೋಧಕ ವೈದ್ಯರಿಗೆ ಆ ಅಧಿಕಾರವಿಲ್ಲ, ಅವರು ಅದನ್ನು ಕೇಳುತ್ತಲೂ ಇಲ್ಲ. ಅಂಥ ಬಾಧಕಗಳಿಲ್ಲದ ಜಾಗದಲ್ಲಿ ಹುಟ್ಟಿದ ನಂಬಿಕೆಯ ಬಗ್ಗೆ, ತಲೆಮಾರುಗಳ ರೂಢಿಯ ಮೇಲೆ ನಿಂತ ಆಲ್‌ಸ್ಟನ್ನನ ವಾದ ಒಂದು ಮಾತನ್ನೂ ಪರವಾಗಿ ಆಡುವುದಿಲ್ಲ.